ಒಂದು ಜರಡಿ ನುಚ್ಚಿನ ಹುಡುಗಿ

ಟರ್ಕಿ ಭಾಷೆಯಲ್ಲಿ ಸಾತಿ ಎಂದರೆ ಮಾರಾಟ. ಹೆಸರಿನ ಅರ್ಥ ಯಾರಾದರೂ ಕೇಳಿದರೆ ಸಾಕು, ಅವಳ ಮೈಯೆಲ್ಲ ಉರಿಯುತ್ತಿತ್ತು. ಶಾಲೆಯಲ್ಲಿ ಹೂವಿನ ಹೆಸರಿನವರಿದ್ದರು, ಬೆಳದಿಂಗಳ ಹೆಸರಿನವರಿದ್ದರು. ಸಂತೆಯ ಸಾಮಾನಿನ ಹೆಸರು ಇವಳೊಬ್ಬಳಿಗೇ.

ಇವಳಿಗಿಂತ ಮೊದಲು ಹುಟ್ಟಿದ ಮೂರು ಕೂಸುಗಳೂ ನಲವತ್ತು ದಿನ ದಾಟಿರಲಿಲ್ಲ. ಇವಳು ಹುಟ್ಟಿದ ಮರುದಿನವೇ ತಾಯಿ ಶೆರಿಫೆ ಕೂಸನ್ನು ಪಕ್ಕದ ಮನೆಯ ಜುಲ್ಫಿನಾಜಳಿಗೆ ಒಂದು ಜರಡಿ ಗೋಧಿನುಚ್ಚಿಗೆ ಮಾರಿಬಿಟ್ಟಳು. ಯೋಜ್ಗಾತ್ ಸೀಮೆಯ ಹಳೆಯ ಉಪಾಯ ಅದು. ಮಾರಿದ ಮೇಲೆ ಕೂಸು ಹೆತ್ತವರದಲ್ಲ, ಹೆತ್ತವರ ಬಾಗಿಲು ಕಾಯುವ ಸಾವಿಗೆ ಅದರ ಮೇಲೆ ಹಕ್ಕಿಲ್ಲ. ಕೊಂಡವಳು ಅದನ್ನು ಸಾಕಲೆಂದು ಹೆತ್ತವಳ ಕೈಗೇ ಕೊಟ್ಟು ಹೋಗುತ್ತಾಳೆ.

ಅಪ್ಪ ನಾಜ್ಮಿ ವಿಜ್ಞಾನದ ಮೇಷ್ಟ್ರು. ದೃಷ್ಟಿಗೆಂದು ನೀಲಿಮಣಿ ಕಟ್ಟಿಕೊಂಡು ಬಂದ ಮಕ್ಕಳನ್ನು ತರಗತಿಯಲ್ಲೇ ಗೇಲಿ ಮಾಡುವವರು. ಮಾರಾಟವನ್ನೂ ಹೆಂಗಸರ ಹುಚ್ಚಾಟ ಎಂದು ನಕ್ಕಿದ್ದರು. ಆದರೆ ನೋಂದಣಿ ಕಚೇರಿಗೆ ಹೋಗಿ ಆ ಹೆಸರನ್ನೇ ಬರೆಸಿ ಬಂದವರು ಅವರೇ. ಏಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಈಗ ಸಾತಿಗೆ ಇಪ್ಪತ್ಮೂರು. ಮದುವೆಯಾದರೆ ರೊಟ್ಟಿ ಅಂಗಡಿಯ ಇಲ್ಹಾಮಿಯನ್ನೇ ಎಂದು ಹಟ ಹಿಡಿದಿದ್ದಳು. ಮೇಷ್ಟ್ರಿಗೆ ಸರ್ಕಾರಿ ಕೆಲಸದ ಅಳಿಯನೇ ಆಗಬೇಕಿತ್ತು.

ಭಾನುವಾರ ಇಲ್ಹಾಮಿಯ ಕಡೆಯವರು ಹೂವು, ಚಾಕೊಲೇಟು ಹಿಡಿದು ಹೆಣ್ಣು ಕೇಳಲು ಬಂದರು. ನೆರೆಯವಳೆಂದು ಜುಲ್ಫಿನಾಜಳೂ ಬಂದು ಮೂಲೆಯಲ್ಲಿ ಕುಳಿತಳು. ಸಾತಿ ಕಾಫಿ ಕೊಟ್ಟು, ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು.

"ಅಲ್ಲಾಹನ ಅಪ್ಪಣೆ, ಪ್ರವಾದಿಯ ಮಾತು. ನಿಮ್ಮ ಹುಡುಗೀನ ನಮ್ಮ ಹುಡುಗನಿಗೆ ಕೇಳ್ತಾ ಇದೀವಿ" ಎಂದರು ಹುಡುಗನ ಅಜ್ಜ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಋಣಾನುಬಂಧ ಇಲ್ಲ ಅಂತ ತಿಳ್ಕೊಳ್ಳಿ."

"ಇಲ್ಲ ಅನ್ನೋಕೆ ನೀವ್ಯಾರು ಮೇಷ್ಟ್ರೇ?" ಮೂಲೆಯಿಂದ ಜುಲ್ಫಿನಾಜ್ ಕೇಳಿದಳು.

"ಹೆತ್ತಪ್ಪ ಕಣಮ್ಮಾ ನಾನು!"

"ಇರಬಹುದು. ಜರಡಿ ತುಂಬಾ ನುಚ್ಚು ಕೊಟ್ಟೋಳು ನಾನು. ಬೇಯಿಸ್ಕೊಂಡು ತಿಂದು ತೇಗಿದ್ರಲ್ಲ, ಮರೆತುಹೋಯ್ತಾ? ಸಾಕೋಕೆ ಕೊಟ್ಟಿದ್ದೆ, ಸಾಕಿದ್ರಿ, ಪುಣ್ಯ ಬರ್ಲಿ. ಹುಡುಗಿ ನನ್ನದು. ನಾನು ಕೊಟ್ಟೆ!"

ಅಜ್ಜ ನಕ್ಕುಬಿಟ್ಟರು. ಮೇಷ್ಟ್ರ ಮುಖ ಕೆಂಪಾಯಿತು. "ಇದೆಲ್ಲ ಶುದ್ಧ ಮೂಢನಂಬಿಕೆ!"

"ಹಂಗಾದ್ರೆ ಇಷ್ಟು ಜನದ ಎದುರಿಗೆ ಹೇಳಿಬಿಡಿ. ಆ ವ್ಯಾಪಾರ ಸುಳ್ಳು, ಇವಳು ಹುಟ್ಟಿದಾಗಿಂದ ನನ್ನ ಮಗಳೇ ಅಂತ. ಒಂದೇ ಮಾತು. ನಾನು ಎದ್ದು ಹೋಗ್ತೀನಿ."

ಸಾತಿ ಅಪ್ಪನ ಬಾಯನ್ನೇ ನೋಡಿದಳು. ಆ ಒಂದು ಮಾತು ಹೊರಬಿದ್ದರೆ ಇಲ್ಹಾಮಿ ಕೈತಪ್ಪುತ್ತಾನೆ. ಅಷ್ಟು ಆಡುವುದು ಮೇಷ್ಟ್ರಿಗೆ ಯಾವ ಲೆಕ್ಕ? ಅವರು ಬಾಯಿ ತೆರೆದರು. ಶೆರಿಫೆ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಮೇಷ್ಟ್ರು ಹೆಂಡತಿಯನ್ನು ನೋಡಿದರು, ಬಾಗಿಲಲ್ಲಿ ನಿಂತವಳನ್ನು ನೋಡಿದರು. ತೆರೆದ ಬಾಯಿ ಹಾಗೇ ಮುಚ್ಚಿತು.

"ಸರಿ" ಎಂದರು ಕೊನೆಗೆ. "ನಿಮ್ಮ ಹುಡುಗಿ. ನಿಮ್ಮಿಷ್ಟ."

ಗೆದ್ದವಳು ಸಾತಿ, ಆದರೆ ಕುಣಿಯಲು ಕಾಲೇ ಬರಲಿಲ್ಲ. ಇಷ್ಟು ವರ್ಷ ಮನೆಯಲ್ಲಿ ಹೆದರಿಕೊಂಡಿದ್ದವಳು ಅಮ್ಮನೊಬ್ಬಳೇ ಎಂದುಕೊಂಡಿದ್ದಳು. ಹಿರಿಯರ ಕೈಗೆ ಮುತ್ತಿಡಲು ಅವಳು ಜುಲ್ಫಿನಾಜಳ ಮುಂದೆ ಬಾಗಿದಾಗ ಮುದುಕಿ ಅವಳ ಭುಜ ತಿರುಗಿಸಿದಳು.

"ಮೊದ್ಲು ಸಾಕಿದೋರಿಗೆ ಹೋಗೇ."

ಸಾತಿ ಮೇಷ್ಟ್ರ ಕೈಗೆ ಮುತ್ತಿಟ್ಟಳು. "ನೂರು ವರ್ಷ ಬಾಳು" ಎಂದರು. ಸುತ್ತ ಒಮ್ಮೆ ನೋಡಿದರು. ಮಗಳೇ ಎಂದು ಮಾತ್ರ ಕರೆಯಲಿಲ್ಲ.