ಕೈಗೇರಿನ ಕೈ

ರುದ್ರಯ್ಯನವರ ಹಳೆಯ ಅಂಬಾಸಿಡರಿನಲ್ಲಿ ಮುಂದಿನ ಸೀಟು ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ. ಗೇರು ನೆಲದ ಮೇಲಿರದೆ ಸ್ಟಿಯರಿಂಗಿಗೇ ಅಂಟಿಕೊಂಡು ಎಡಕ್ಕೆ, ಕೈಯಳತೆಯಲ್ಲೇ ಇದ್ದುದರಿಂದ ಮುಂದೆ ಮೂವರು ಆರಾಮಾಗಿ ಕೂರಬಹುದಿತ್ತು. ತೊಂದರೆ ಶುರುವಾದದ್ದು ಹೆಂಡತಿ ಶಕುಂತಲಮ್ಮ ಕಾರು ಕಲಿಯುತ್ತೇನೆಂದು ಹೊರಟಾಗ. ಆಕೆಯ ಕಾಲು ಕ್ಲಚ್ಚಿಗೆ ಎಟುಕಲು ಸೀಟನ್ನು ಮುಂದಕ್ಕೆ ತಳ್ಳಬೇಕು. ತಳ್ಳಿದರೆ ಪಕ್ಕದಲ್ಲಿ ಕೂತ ಆರಡಿಯ ರುದ್ರಯ್ಯನವರ ಮಂಡಿ ಡ್ಯಾಶ್‌ಬೋರ್ಡಿಗೆ ಒತ್ತಬೇಕು. ತಾವಿದ್ದ ಬಟವಾಡಿ ಬಡಾವಣೆಯ ಎರಡು ಬೀದಿ ಸುತ್ತಿ ಬರುವಷ್ಟರಲ್ಲಿ ಅವರು ಕುಂಟುತ್ತಿದ್ದರು.

"ನಿನ್ ಎತ್ತರಕ್ಕೆ ಡ್ರೈವಿಂಗ್ ಆಗಲ್ಲ, ಬಿಡು."

"ಎತ್ತರದ ತೊಂದ್ರೆ ನಂದಾ, ನಿಮ್ದಾ?"

ತಾನೇ ಕಾರು ಓಡಿಸಿಕೊಂಡು ಗುಬ್ಬಿಯ ತವರಿಗೆ ಹೋಗಬೇಕೆಂಬ ಆಕೆಯ ಆಸೆ ಹಾಗೇ ಉಳಿಯಿತು.

ತೊಂಬತ್ತೊಂಬತ್ತನೇ ಇಸವಿಯಲ್ಲಿ ಮಗ ಪ್ರಭುದೇವ ಹೊಸ ಮಾರುತಿ ತಂದ. ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತರಾಗಿದ್ದ ರುದ್ರಯ್ಯ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, ಬಾಗಿಲು ಹಾಕಿ, ಸದ್ದು ಕೇಳಿದರು. ಅಂಬಾಸಿಡರಿನದು ಧಪ್, ಇದರದು ಟಪ್.

"ಸೋಪಿನ ಡಬ್ಬಿ ಕಣೋ ಇದು. ಗೇರೂ ಕೆಳಗಡೆ. ಬಿದ್ದ ಚಾವಿ ಹುಡುಕಿದ ಹಾಗೆ ಬಗ್ಗಬೇಕು."

ಆದರೆ ಅದರಲ್ಲಿ ಮುಂದಿನ ಸೀಟುಗಳು ಬೇರೆ ಬೇರೆ. ಪ್ರಭುದೇವ ಅಮ್ಮನಿಗೆ ಕಾಲೇಜಿನ ಮೈದಾನದಲ್ಲಿ ಕಲಿಸಿದ, ಲೈಸೆನ್ಸೂ ಬಂತು. ಒಂದು ಭಾನುವಾರ ಆಕೆ ಗುಬ್ಬಿಗೆಂದು ಹೊಸ ಸೀರೆಯುಟ್ಟು ಚಾವಿ ಹಿಡಿದು ನಿಂತರೆ, ರುದ್ರಯ್ಯ ಚಾವಿ ಇಸಿದುಕೊಂಡರು.

"ಮೈದಾನ ಬೇರೆ, ರೋಡ್ ಬೇರೆ. ಇವತ್ತು ನಾನು ಓಡಿಸ್ತೀನಿ, ನೋಡ್ಕೋ."

ಆಕೆ ಮುಖ ದಪ್ಪ ಮಾಡಿಕೊಂಡು ಪಕ್ಕದಲ್ಲಿ ಕೂತರು.

ಎರಡನೇ ಗೇರಿಗೆಂದು ರುದ್ರಯ್ಯನವರ ಎಡಗೈ ಮೂವತ್ತು ವರ್ಷದ ಅಭ್ಯಾಸದಂತೆ ಸ್ಟಿಯರಿಂಗಿನ ಪಕ್ಕದ ಕಡ್ಡಿಯನ್ನೇ ಎಳೆಯಿತು. ಸುಡುಬಿಸಿಲಿನಲ್ಲಿ ವೈಪರು ಕಿರ್ರೆಂದು ಆಡತೊಡಗಿತು. ನಿಲ್ಲಿಸಿದರು. ಮುಂದಿನ ರೋಡ್ ಹಂಪಿನ ಬಳಿ ಮತ್ತೆ ವೈಪರು. ಹೆಗ್ಗೆರೆ ದಾಟುವಾಗ ಎದುರಿಗೆ ಗಾಡಿ ಹೊಡೆದುಕೊಂಡು ಬರುತ್ತಿದ್ದವನು ಆಕಾಶ ನೋಡಿ ಕೂಗಿದ: "ಎಲ್ ಸ್ವಾಮಿ ಮಳೆ? ಇತ್ತಗೂ ಒಸಿ ಕಳ್ಸಿ!"

ಶಕುಂತಲಮ್ಮ ಸೆರಗು ಬಾಯಿಗಿಟ್ಟುಕೊಂಡರು.

"ನಗಬೇಡ. ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ."

"ನನ್ ಕೈಗೆ ಗೊತ್ತಲ್ಲಾ ರೀ."

ರುದ್ರಯ್ಯ ಒಂದು ಕ್ಷಣ ಯೋಚಿಸಿದರು. ಪ್ರಯೋಗದ ಫಲ ಎದುರಿಗೇ ಇತ್ತು. ಒಪ್ಪಿಕೊಳ್ಳದಿದ್ದರೆ ಅಷ್ಟು ವರ್ಷ ಪಾಠ ಮಾಡಿದ್ದಕ್ಕೆ ಅರ್ಥವಿಲ್ಲ. ಹುಣಸೆಮರದ ನೆರಳಿನಲ್ಲಿ ಕಾರು ನಿಲ್ಲಿಸಿ ಇಳಿದು, ಸ್ಟಿಯರಿಂಗನ್ನು ಆಕೆಗೆ ಬಿಟ್ಟುಕೊಟ್ಟರು.

ಮಲ್ಲಸಂದ್ರ ಬರುವವರೆಗೂ ಅವರು ಪಕ್ಕದಲ್ಲಿ ಕೂತು, ತಮ್ಮ ಕಡೆ ಇಲ್ಲದ ಬ್ರೇಕನ್ನು ಬಲಗಾಲಿನಲ್ಲಿ ಒತ್ತುತ್ತಲೇ ಇದ್ದರು. ಆಕೆ ಲಾರಿಗೆ ದಾರಿ ಬಿಟ್ಟು, ಬಸ್ಸಿಗೆ ಹಾರನ್ ಹೊಡೆದು, ಎಮ್ಮೆಗಳಿಗೆ ತಾಳ್ಮೆಯಿಂದ ಕಾದು ಮುಂದೆ ಹೋದರು. ಆಮೇಲೆ ಯಾವಾಗಲೋ ರುದ್ರಯ್ಯನವರ ಕಾಲು ಸುಮ್ಮನಾಯಿತು. ಸೀಟು ಬೇರೆ ಬೇರೆಯಾದ್ದರಿಂದ ಆಕೆಯ ಕಾಲು ಕ್ಲಚ್ಚಿಗೆ ಎಟುಕಿತ್ತು, ಅವರ ಮಂಡಿಯೂ ನೋಯುತ್ತಿರಲಿಲ್ಲ. ಅಂಬಾಸಿಡರನ್ನು ಇಷ್ಟು ದಿನ ತಾನು ಬರೀ ಡ್ರೈವರ್ ಸೀಟಿನಲ್ಲಿ ಕೂತು ಹೊಗಳಿದ್ದೆ ಎಂಬುದೂ ಅವರಿಗೆ ಹೊಳೆಯಿತು.

ಗುಬ್ಬಿಯಲ್ಲಿ ಆಕೆಯ ತಮ್ಮ ಗುರುಶಾಂತಪ್ಪ ಓಡಿಬಂದು, ವಾಡಿಕೆಯಂತೆ ಡ್ರೈವರ್ ಕಡೆಯ ಕಿಟಕಿಗೇ ಕೈಮುಗಿದು ಬಗ್ಗಿದ.

"ಬನ್ನಿ ಭಾವ... ಅಯ್ಯೋ, ಅಕ್ಕಾ!"

"ಭಾವ ಆ ಕಡೆ ಅವ್ರೆ ಕಣೋ. ಗೇಟು ಪೂರ್ತಿ ತೆಗಿ, ಒಳಗೇ ನಿಲ್ಲಿಸ್ತೀನಿ."

ರುದ್ರಯ್ಯ ಇಳಿದು ಗೇಟಿನ ಬಳಿ ನಿಂತು, "ಬಾ, ಬಾ, ಇನ್ನೊಂಚೂರು ಎಡಕ್ಕೆ," ಎಂದು ಪಕ್ಕದ ಮನೆಯವರಿಗೂ ಕೇಳುವಂತೆ ಕೂಗತೊಡಗಿದರು.

"ರೀ, ಪಕ್ಕಕ್ಕೆ ಬನ್ನಿ, ನೀವೇ ಅಡ್ಡ," ಎಂದರು ಶಕುಂತಲಮ್ಮ.