ಮೂರು ಮಡಿಕೆಯ ಕನ್ನಡಿ

ಮತ್ತೆ ಆ ಫ್ಯಾನು, ಮೇಜಿನ ಕೆಳಗಿನ ಕಂಪ್ಯೂಟರಿನದು, ಏದುಸಿರು ಬಿಡುತ್ತಿದೆ, ಅಂದರೆ ಆಟ ಕನ್ನಡಿಯ ಕೋಣೆಗೆ ಹತ್ತಿರವಾಯಿತು, ತಲೆ ಎತ್ತದೆಯೇ ಹೇಳಬಲ್ಲಳು, ಆ ಕೋಣೆಗೆ ಬೆಳಕು ಕೂರಿಸಿದವಳು ಅವಳೇ ತಾನೇ — ಗೋಡೆಯ ದೊಡ್ಡ ಪರದೆಯ ಮೇಲೆ ಆಟ ಓಡುತ್ತಿದೆ, ಮುಂದಿನ ಸಾಲಿನಲ್ಲಿ ಅರವತ್ತು ಕೂತಿದ್ದಾನೆ, ನಲವತ್ತೂ ತುಂಬದ ಯಜಮಾನ, ಸೆಕೆಂಡಿಗೆ ಅರವತ್ತು ಚಿತ್ರ ಬರಲೇಬೇಕು ಎನ್ನುವುದು ಬಿಟ್ಟರೆ ಬಾಯಲ್ಲಿ ಬೇರೆ ಮಾತಿಲ್ಲ, ಅದಕ್ಕೇ ಬೆನ್ನ ಹಿಂದೆ ಆ ಹೆಸರು, ಅವನ ಪಕ್ಕದಲ್ಲಿ ಕೀಬೋರ್ಡ್ ಹಿಡಿದು ತಂಗಿ, ಆಟದ ವೇಗ ನೋಡಿಕೊಳ್ಳುವವಳು, ಅಂದರೆ ಅಕ್ಕನ ಕೆಲಸಕ್ಕೆ ಕತ್ತರಿ ಹಾಕುವವಳು. ಇವತ್ತು ಅರವತ್ತು ಹೂಂ ಅಂದರೆ ಮುಗಿಯಿತು, ಆಮೇಲೆ ಯಾರೂ ಏನನ್ನೂ ಮುಟ್ಟುವ ಹಾಗಿಲ್ಲ, ಉಳಿದದ್ದು ಉಳಿಯಿತು, ಹೋದದ್ದು ಹೋಯಿತು. ಇವಳನ್ನು ಈ ಕಚೇರಿಗೆ ಕರೆತಂದವಳೂ ತಾನೇ, ತುಂಬಾ ಚುರುಕು ಸರ್ ನಮ್ಮ ತಂಗಿ ಅಂದಿದ್ದಳು, ಆ ನಾಲಿಗೆಗೆ ಬರೆ ಹಾಕಬೇಕು — ಈಗ ಪರದೆಯ ಮೇಲೆ ಒದ್ದೆ ಬೀದಿ, ಅಯ್ಯೋ, ನೀರಿನಲ್ಲಿ ದೀಪಗಳ ಪ್ರತಿಬಿಂಬ ಅರ್ಧಕ್ಕರ್ಧ ಇಲ್ಲ, ಒಂದೊಂದು ಚುಕ್ಕೆಗೂ ಯಂತ್ರ ಕಿರಣ ಬಿಡಬೇಕು, ಕಿರಣ ಹೋಗಿ ತಗುಲಿ ತಿರುಗಿ ಇನ್ನೊಂದಕ್ಕೆ ತಗುಲಬೇಕು, ಪ್ರತಿ ತಿರುವಿಗೂ ಯಂತ್ರ ಬೆವರುತ್ತದೆ, ತಂಗಿ ಮಾಡುವುದು ಇಷ್ಟೇ, ನಾಲ್ಕು ಕಿರಣ ಬಿಡುವ ಕಡೆ ಒಂದು, ಮಿಕ್ಕಿದ್ದನ್ನು ಅಂದಾಜಿನಲ್ಲಿ ಒರೆಸಿ ನುಣ್ಣಗೆ ಮಾಡುವುದು, ನೋಡುವವರ ಕಣ್ಣಿಗೆ ಮಣ್ಣೆರಚಿ ಸಂಬಳ ತೆಗೆದುಕೊಳ್ಳುವುದು, ಕೇಳಿದರೆ, ಯಾರಿಗೂ ಗೊತ್ತಾಗಲ್ಲ ಅಕ್ಕ, ಆಡೋರು ಓಡ್ತಾ ಇರ್ತಾರೆ, ನಿಂತು ಯಾರು ನೋಡ್ತಾರೆ.

ಕನ್ನಡಿ ಮುಂದೆ ಎಲ್ಲರೂ ನಿಲ್ಲುತ್ತಾರೆ ಕಣೇ, ಅಮ್ಮನ ಹೊಲಿಗೆ ಅಂಗಡಿಯಲ್ಲಿ ನಿಲ್ಲದವರು ಯಾರಿದ್ದರು, ಮೂರು ಮಡಿಕೆಯ ಆ ಉದ್ದ ಕನ್ನಡಿ, ಹೊಸ ಬಟ್ಟೆ ತೊಟ್ಟು ಬೆನ್ನು ತಿರುಗಿಸಿ ಕತ್ತು ಹೊರಳಿಸಿ ನೋಡಿಕೊಳ್ಳುವ ಹೆಂಗಸರು, ಅದನ್ನೇ ಹಾಗೆಯೇ ಆಟದ ಕೋಣೆಯಲ್ಲಿ ನಿಲ್ಲಿಸಿದ್ದಾಳೆ, ಎಡಗನ್ನಡಿಯೊಳಗೆ ಬಲಗನ್ನಡಿ, ಬಲಗನ್ನಡಿಯೊಳಗೆ ಬಟ್ಟೆ ಪರದೆಯ ಹಿಂದಿನ ಮೂಲೆ, ಆ ಮೂಲೆಯಲ್ಲಿ ಹೊಲಿಗೆ ಮೆಷಿನ್, ಸ್ಟೂಲಿನ ಮೇಲೆ ಅಮ್ಮ — ಯಾರಿಗೂ ಹೇಳಿಲ್ಲ, ನೇರ ನೋಡಿದರೆ ಕಾಣಳು, ಕನ್ನಡಿಯೊಳಗಿನ ಕನ್ನಡಿಯಲ್ಲಿ ಮಾತ್ರ, ಬಗ್ಗಿದ ಕತ್ತು, ಬಿರುಕು ಬಿಟ್ಟ ಹಿಮ್ಮಡಿ, ಅದರ ಕೆಳಗೆ ಏಳುವ ಬೀಳುವ ಪೆಡಲ್, ಆ ಹಿಮ್ಮಡಿಯ ನೆರಳೊಂದಕ್ಕೇ ಅವಳು ಎಷ್ಟು ವಾರ ಸವೆದಿದ್ದಾಳೋ. ಏಕೆಂದರೆ ನಿಜವಾದ ಅಮ್ಮ ತಂಗಿಯ ಮನೆಯಲ್ಲಿದ್ದಾಳೆ, ಒಂದು ಜಗಳಕ್ಕೆ ಚೀಲ ತುಂಬಿಕೊಂಡು ಹೊರಟವಳು, ಕೇಳಿದರೆ ಅವಳ ಮನೇಲಿ ಗಾಳಿ ಚೆನ್ನಾಗಿದೆ ಅಂದಳು, ಗಾಳಿಯಂತೆ ಗಾಳಿ, ಫೋನ್ ಮಾಡಿದರೆ ಎತ್ತುವುದು ತಂಗಿ, ಅಮ್ಮ ಮಲಗಿದಾಳೆ ಅಕ್ಕ, ಬೆಳಗ್ಗೆ ಹತ್ತಕ್ಕೂ ಮಲಗಿದಾಳೆ, ಸಂಜೆಯೂ ಮಲಗಿದಾಳೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳುತ್ತಾಳೆ, ಎದುರಿಗಿದ್ದರೆ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತದೆ. ತನಗೆ ಉಳಿದಿರುವ ಅಮ್ಮ ಆ ಮೂಲೆಯಲ್ಲಿರುವವಳೊಬ್ಬಳೇ.

ಫ್ಯಾನು ತಣ್ಣಗಾಯಿತು. ಯಾಕೆ ತಣ್ಣಗಾಯಿತು — ಆಟದ ಕೋಣೆಯ ಬಾಗಿಲು ತೆರೆದಿದೆ, ಕನ್ನಡಿ ಬಂದಿದೆ, ಪರದೆಯ ಅಂಚಿನ ಹಸಿರು ಅಂಕಿ ಅರವತ್ತರಲ್ಲೇ ಕೂತಿದೆ, ಕದಲುತ್ತಿಲ್ಲ, ಕನ್ನಡಿಯೊಳಗೆ ಕನ್ನಡಿ ಇದೆ, ಎರಡೂ ಇವೆ, ತಂಗಿ ಇಲ್ಲಿ ಕಿರಣ ಕಡಿದಿಲ್ಲ, ಭಲೆ ಅಂತ ಅರವತ್ತು ಚಪ್ಪಾಳೆ ತಟ್ಟುತ್ತಾನೆ, ಉಳಿದವರೂ ತಟ್ಟುತ್ತಾರೆ, ಅವಳ ಕಣ್ಣು ಎಡದಿಂದ ಬಲಕ್ಕೆ, ಬಲದಿಂದ ಮೂಲೆಗೆ, ಮೆಷಿನ್ ಇದೆ, ದೀಪ ಇದೆ, ಸ್ಟೂಲ್ ಖಾಲಿ, ಪೆಡಲ್ ತನ್ನಷ್ಟಕ್ಕೆ ತಾನೇ ಏಳುತ್ತಿದೆ, ಬೀಳುತ್ತಿದೆ. ಕಾಲಿಗಲ್ಲ, ಮೆಷಿನ್ನಿಗೆ ಕಟ್ಟಿದ್ದಳು ಆ ಚಲನೆಯನ್ನು, ಅದಕ್ಕೇ ಕಾಲು ಹೋದರೂ ಅದು ನಿಂತಿಲ್ಲ — ಮೂಲೆಯಲ್ಲಿ ಒಬ್ಬರಿದ್ದರು, ಅಂದಳು, ಎಲ್ಲಿ, ನಂಗೇನೂ ಕಾಣಿಸ್ಲಿಲ್ವಲ್ಲ, ಅಂದ ಅರವತ್ತು, ತಂಗಿ ತಿರುಗಿಯೂ ನೋಡದೆ, ಅದೊಂದು ಬೊಂಬೆ ಸರ್, ಬಟ್ಟೆ ಮಡಿಕೆ ಕೂದಲು ಎಲ್ಲ ಸೇರಿ ಕನ್ನಡಿಗೆ ಭಾರ ಆಗ್ತಿತ್ತು, ಕನ್ನಡಿ ತೋರಿಸೋ ಲೆಕ್ಕದಿಂದ ತೆಗ್ದೆ ಅಷ್ಟೆ, ಅಂದಳು. ಒಳ್ಳೇದು ಮಾಡಿದ್ರಿ, ಇದೇ ಕೊನೆ, ಇನ್ನು ಮುಟ್ಟಬೇಡಿ, ಅಂದ ಅವನು, ಕುರ್ಚಿಗಳು ಸರಿದವು, ಎಲ್ಲರೂ ಕಾಫಿಗೆ ಹೊರಟರು.

ತಂಗಿ ಹೋಗಲಿಲ್ಲ, ಬಂದು ಅವಳ ಮೇಜಿಗೆ ಒರಗಿ ನಿಂತಳು, ಬೊಂಬೆ ಅಂತೆ ಬೊಂಬೆ, ಬಾಯಿ ಬಿಟ್ಟರೆ ಇವತ್ತು ಇವಳ ಜನ್ಮ ಜಾಲಾಡಿಬಿಡುತ್ತೇನೆ ಅಂದುಕೊಳ್ಳುತ್ತಿರುವಾಗಲೇ, ಯಾರು ಅಂತ ನೋಡಿದ ತಕ್ಷಣ ಗೊತ್ತಾಯ್ತು ಅಕ್ಕ, ಅಂದಳು, ಮೆಲ್ಲಗೆ, ಆ ಮೆಷಿನ್ ಕೆಳಗೆ ನಾನು ಕೂತಿರ್ತಿದ್ದೆ, ದಿನಾ, ಪೆಡಲ್ ಪಕ್ಕದಲ್ಲೇ, ಬಿದ್ದ ಗುಂಡುಪಿನ್ ಆರಿಸ್ತಾ, ಸ್ಟೂಲಿನ ಗೀರು ಹಾಕಿದೀಯ, ಅಮ್ಮನ ಹಿಮ್ಮಡಿ ಹಾಕಿದೀಯ, ನನ್ನನ್ನ ಹಾಕ್ಲಿಲ್ಲ. ಅಷ್ಟೇ ಹೇಳಿ ಹೊರಟೇಹೋದಳು, ಹೋಗಲಿ, ಪೀಡೆ, ಹಾಕಲಿಲ್ಲ, ಹೌದು ಹಾಕಲಿಲ್ಲ, ಯಾಕೆ ಹಾಕಬೇಕಿತ್ತು, ಇನ್ನೊಂದು ಮಗು ಅಂದರೆ ಇನ್ನೊಂದು ತಲೆಗೂದಲು, ಇನ್ನೊಂದು ಲಂಗ, ಹತ್ತು ಬೆರಳು, ಕನ್ನಡಿಗೆ ಭಾರ ಆಗುತ್ತಿತ್ತು — ಭಾರ, ಯಾರ ಮಾತು ಇದು, ಯಾರ ಬಾಯಲ್ಲಿ — ಗೋಡೆಯ ಮೇಲೆ ಆಟ ನಿಲ್ಲಿಸಿದವರಿಲ್ಲ, ಕನ್ನಡಿಯೊಳಗಿನ ಕನ್ನಡಿಯಲ್ಲಿ ಪೆಡಲ್ ಏಳುತ್ತಿದೆ, ಮೇಲೆ ಕಾಲಿಲ್ಲ, ಬೀಳುತ್ತಿದೆ, ಪಕ್ಕದಲ್ಲಿ ನೆಲ ಖಾಲಿ, ಒಂದು ಮಗು ಕೂರುವಷ್ಟು ಖಾಲಿ, ಏಳುತ್ತಿದೆ, ಬೀಳುತ್ತಿದೆ, ಏಳುತ್ತಿದೆ