ಗಡಿಯಾರ ರಿಪೇರಿಯವನು

"ತಲೆ ಕಡೆ ಇನ್ನೊಬ್ರು ಹಿಡೀರಪ್ಪಾ, ಬಾಗಿಲು ಇಕ್ಕಟ್ಟು!" ಎಂದು ಹಾಲಿನವನು ಕೂಗಿದ. ಗಡಿಯಾರ ರಿಪೇರಿಯವನ ಶವದ ಪೆಟ್ಟಿಗೆ ಓರೆಯಾಗಿ ಬಾಗಿಲು ದಾಟಿತು. ಮಗ ಮುಂದೆ ಬರಲಿಲ್ಲ. ಗೋಡೆಗೆ ಒರಗಿ ನಿಂತೇ ಇದ್ದ.

ಹೃದಯ ನಿಂತು ಹೋದರು ಎಂದು ಹೆಂಡತಿ ಬೀದಿಗೆಲ್ಲ ಹೇಳಿದ್ದಳು. ಕ್ಷಯ ಎಂದಿದ್ದರೆ ಹೆಗಲು ಕೊಡಲು ನರಪಿಳ್ಳೆಯೂ ಬರುತ್ತಿರಲಿಲ್ಲ.

"ಟೈಲರಮ್ಮನೂ ಬಂದಿದಾಳೆ," ಯಾರೋ ಪಿಸುಗುಟ್ಟಿದರು. "ಅವಳ ಮನೆ ಗಡಿಯಾರಕ್ಕೆ ಇನ್ನು ಕೀ ಕೊಡೋರು ಯಾರೋ!"

ಮಗನ ಕಿವಿಗೂ ಅದು ಬಿತ್ತು.

*

ಗಡಿಯಾರ ರಿಪೇರಿ ಸತ್ತವನ ವೇಷವಷ್ಟೇ. ಆಸ್ಪತ್ರೆಯ ಮಾತ್ರೆಗಳನ್ನು ಕ್ಷಯದವರ ಮನೆಗೆ ದಿನಾ ಒಯ್ದು, ಕಣ್ಣೆದುರೇ ನುಂಗಿಸಿ ಬರುವುದು ನಿಜವಾದ ಕೆಲಸ. ಆಸ್ಪತ್ರೆಯವನೆಂದು ತಿಳಿದರೆ ಆ ಮನೆಯ ಮಾನ ಹರಾಜು. ಅದಕ್ಕೇ ಚೀಲದಲ್ಲಿ ಮೇಲೆ ಸ್ಕ್ರೂಡ್ರೈವರು, ಕೆಳಗೆ ಮಾತ್ರೆ. ಒಂದೇ ಗಡಿಯಾರ ತಿಂಗಳುಗಟ್ಟಲೆ ದಿನಾ ಕೆಡುವುದಿಲ್ಲ ಎಂಬುದು ಮಾತ್ರ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

"ಟೈಲರಮ್ಮನಿಗೂ ನಿಮಗೂ ಗಂಟು ಹಾಕಿದಾರೆ," ಎಂದು ಹೆಂಡತಿ ಅತ್ತಿದ್ದಳು.

"ಹಾಕ್ಲಿ ಬಿಡೇ. ಗಂಡ ಇಲ್ಲದೋಳು. ರೋಗ ಅಂತ ಗೊತ್ತಾದ್ರೆ ಯಾರು ಬಟ್ಟೆ ಕೊಡ್ತಾರೆ? ಮಾತ್ರೆ ಅರ್ಧಕ್ಕೆ ಬಿಟ್ರೆ ಸಾಯ್ತಾಳೆ."

"ನನ್ನ ಮಾನ?"

ಅವನು ಚೀಲ ಹೆಗಲಿಗೇರಿಸಿಕೊಂಡು ಹೊರಟುಬಿಟ್ಟ. ಟೈಲರಮ್ಮ ಗುಣವಾದಳು. ಚಾಡಿಯ ಚಪಲಕ್ಕಾದರೂ ಹೆಂಗಸರು ಬಟ್ಟೆ ತಂದರು, ವ್ಯಾಪಾರ ಕುದುರಿತು. ಯಾವ ರೋಗಿಯಿಂದಲೋ, ಯಾವ ಮಾತ್ರೆಗೂ ಬಗ್ಗದ ಕೆಮ್ಮು ಅವನಿಗೇ ಅಂಟಿತು.

*

"ಹೆಗಲು ಕೊಡೋ," ತಾಯಿ ಅಂಗಲಾಚಿದಳು. ಬೆಳಗ್ಗೆಯೇ ಮಗನಿಗೆ ಎಲ್ಲವನ್ನೂ ಹೇಳಿದ್ದಳು.

"ಹೃದಯ ಅಂದೋಳೂ ನೀನೇ, ಈಗ ಕ್ಷಯ ಅನ್ನೋಳೂ ನೀನೇ. ಯಾವುದನ್ನಮ್ಮಾ ನಂಬ್ಲಿ? ಆ ಟೈಲರಮ್ಮ ಹೇಳ್ಲಿ, ಕೊಡ್ತೀನಿ," ಮಗ ದನಿ ತಗ್ಗಿಸಿಯೇ ಸಿಡುಕಿದ.

ತಾಯಿ ನೆಟ್ಟಗೆ ಹೋಗಿ ಟೈಲರಮ್ಮನ ಕೈ ಹಿಡಿದು ಮಗನ ಹತ್ತಿರ ಎಳೆತಂದಳು. ಟೈಲರಮ್ಮನ ಪುಟ್ಟ ಮಗಳೂ ಹಿಂದೆಯೇ ಬಂದಳು. ಬೀದಿಯೆಲ್ಲ ಕಿವಿ ನಿಮಿರಿಸಿತು.

"ನಮ್ಮನೆಯವರು ನಿಮ್ಮನೆಗೆ ಯಾಕೆ ಬರ್ತಿದ್ರು, ಹೇಳಿ. ಇವನ ಕಿವಿಗೆ ಹೇಳಿದ್ರೂ ಸಾಕು."

ಟೈಲರಮ್ಮ ಸುತ್ತ ನೋಡಿದಳು. ನಿಂತವರಲ್ಲಿ ಅರ್ಧ ಜನ ಅವಳ ಗಿರಾಕಿಗಳೇ.

"ಗಡಿಯಾರ ಕೆಟ್ಟಿತ್ತು," ಎಂದಳು.

ಯಾರೋ ಕಿಸಕ್ಕನೆ ನಕ್ಕರು. ಮಗ ಮುಖ ತಿರುಗಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

"ಹೊತ್ತಾಯ್ತು, ಎತ್ರಪ್ಪಾ," ಎಂದ ಹಾಲಿನವನು.

ಪೆಟ್ಟಿಗೆ ಹೆಗಲೇರಿ ಜನರ ನಡುವೆ ಸಾಗಿತು. ಅದು ಪಕ್ಕಕ್ಕೆ ಬಂದಾಗ, ಅಷ್ಟು ಜನರಲ್ಲಿ ಟೈಲರಮ್ಮ ಒಬ್ಬಳೇ, ಮಗಳನ್ನು ಹಿಂದಕ್ಕೆಳೆದುಕೊಂಡು ಮಗುವಿನ ಮೂಗು ಬಾಯಿಯನ್ನು ಅಂಗೈಯಿಂದ ಒತ್ತಿ ಮುಚ್ಚಿದಳು.